ಹಲ್ಲೆಗೆರೆ ಹೆಸರು ಬಂತು, ಮಾತು ಬರಲಿಲ್ಲ

ಮಾನ್ಯ ಸಂಪಾದಕರೇ,

ಡಾ. ವಿವೇಕ್ ಮೂರ್ತಿ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಮೊದಲು ಕಾಣೋದು ಅವರ ಹಿರಿಯರ ಊರು, ಮಂಡ್ಯದ ಹಲ್ಲೆಗೆರೆ. ಖುಷಿನೇ, ನಾವೂ ಮಂಡ್ಯದವರು. ಆದರೆ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರಿಗೆ ಆರೋಗ್ಯದ ಬಗ್ಗೆ ಎಚ್ಚರಿಕೆ ಹೇಳುವ ಸರ್ಕಾರಿ ವೈದ್ಯರಾಗಿ ಎರಡು ಸಲ ಕೂತ ಈ ಮನುಷ್ಯ ಹೇಳಿದ್ದೇನು ಅಂತ ಕೇಳಿದರೆ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಆ ಹುದ್ದೆಗೆ ಕಾನೂನು ಮಾಡುವ ಅಧಿಕಾರ ಇಲ್ಲ. ಇರುವುದು ಬಾಯಿ ಮಾತ್ರ. 1964ರಲ್ಲಿ ಲೂಥರ್ ಟೆರ್ರಿ ಎಂಬ ಸರ್ಜನ್ ಜನರಲ್, ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬ ವರದಿಯನ್ನು ಬೇಕಂತಲೇ ಶನಿವಾರ ಹೊರಗೆ ಬಿಟ್ಟರು. ಷೇರುಪೇಟೆಗೆ ರಜ, ಭಾನುವಾರದ ಪೇಪರಿನಲ್ಲಿ ದೊಡ್ಡ ಜಾಗ. ಮರುವರ್ಷವೇ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಬೇಕೆಂಬ ಕಾನೂನು ಬಂತು. 2024ರಲ್ಲಿ ನಮ್ಮ ಡಾಕ್ಟರೂ ಅದೇ ದಾರಿ ಹಿಡಿದು, ಸೋಷಿಯಲ್ ಮೀಡಿಯಾಕ್ಕೂ ಅಂಥದ್ದೇ ಎಚ್ಚರಿಕೆ ಇರಲಿ ಅಂತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಬಾಯಿ ಬಿಟ್ಟರೆ ಏಟೂ ಬೀಳುತ್ತೆ ಅನ್ನಿ. ಬಂದೂಕು ಆರೋಗ್ಯದ ಸಮಸ್ಯೆ ಅಂತ 2012ರಲ್ಲಿ ಅವರು ಹಾಕಿದ್ದ ಒಂದು ಟ್ವೀಟ್‌ಗೆ ಬಂದೂಕಿನ ಪರ ಇದ್ದವರು ಸಿಟ್ಟಾಗಿ, 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಈ ಹುದ್ದೆಗೆ ಸೂಚಿಸಿದ ಅವರ ಹೆಸರನ್ನು ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಿದ್ದು 2014ರ ಡಿಸೆಂಬರ್‌ನಲ್ಲಿ, ಅದೂ 51–43 ಮತಗಳಿಂದ.

ನನಗೆ ತಾಗಿದ್ದು ಅವರ 2023ರ ವರದಿ, ಒಂಟಿತನದ್ದು. ಜನರ ಒಡನಾಟ ಇಲ್ಲದೆ ಬದುಕಿದರೆ ಬೇಗ ಸಾಯುವ ಅಪಾಯ ದಿನಕ್ಕೆ 15 ಸಿಗರೇಟ್ ಸೇದುವವರಿಗೆ ಇರುವಷ್ಟೇ ಆಗಬಹುದಂತೆ. ಅದನ್ನು ಓದುವಾಗ ನಮ್ಮತ್ತೆ ಜಗಲಿ ಮೇಲೆ ಕೂತಿದ್ದರು. ಮಾವ ಹೋದ ಮೇಲೆ ಅದೇ ಅವರ ಜಾಗ. ಬಸ್ಸಿನ ಸದ್ದಾದಾಗಲೆಲ್ಲ ಕತ್ತೆತ್ತಿ ಬೀದಿ ನೋಡುತ್ತಾರೆ, ಯಾರೂ ಇಳಿಯದಿದ್ದರೆ ಬಿಪಿ ಮಾತ್ರೆ ಡಬ್ಬಿಯನ್ನು ಸುಮ್ನೆ ತೆಗೆದು ಮುಚ್ಚುತ್ತಾರೆ. ಒಳಗೆ ನನ್ನ ಮಗ ಫೋನ್ ಹಿಡಿದು ಮಲಗಿದ್ದ. ಬಿಪಿ ನೋಡುವ ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ. ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡ್ತೀರಿ ಅಂತ ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ.

ಆ ವರದಿಯ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಹಾಕಿ. ಜೊತೆಗೆ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗೆ ವಾರಕ್ಕೊಂದು ಅಂಕಣ ಕೊಡಿ. ಡೆಂಗಿ ಜಾಸ್ತಿಯಾದಾಗ ಮಾತ್ರ ಅವರ ಹೇಳಿಕೆ ಬಂದರೆ ಸಾಕಾ? ಅಕ್ಷರ ಸ್ವಲ್ಪ ದೊಡ್ಡದಿರಲಿ. ಅತ್ತೆಗೆ ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣಲ್ಲ.

ಇಂತಿ,
ಒಬ್ಬ ಓದುಗಿ, ಮಂಡ್ಯ