ಸರ್ಕಲ್‌ನಾಗ ಬೋರ್ಡ್ ಹಿಡದ ನಿಂತ ಮಗಳಿಗೆ, ಕಾಕಾನ ಪತ್ರ

ಚಿರಂಜೀವಿ ಮಗಳಿಗೆ ನಿಮ್ಮ ಕಾಕಾನ ಆಶೀರ್ವಾದ. ಇಲ್ಲಿ ಎಲ್ಲಾರೂ ಆರಾಮ ಅದೀವಿ, ನಿಮ್ಮ ಆಯಿ ಮೊಣಕಾಲ ನೋವು ಅಂತಾಳ ಅದೊಂದು ಬಿಟ್ರ ಮತ್ತೇನಿಲ್ಲ, ಕಡ್ಲಿ ಬಿತ್ತೋದು ಮುಗದೈತಿ.

ನೀ ಬೆಳಗಾವಿ ಚನ್ನಮ್ಮ ಸರ್ಕಲ್ ಹತ್ರ 'ಯುದ್ಧ ಬ್ಯಾಡ' ಅಂತ ಬೋರ್ಡ್ ಹಿಡ್ಕೊಂಡ ನಿಂತಿದ್ದ ಫೋಟೋ ಯಾರೋ ನಮ್ಮ ಮನಿ ಗ್ರೂಪಿಗೆ ಹಾಕಿದ್ರಲ್ಲ, ಅವತ್ತ ರಾತ್ರಿ ಹನ್ನೊಂದರ ತನಕ ನನ್ನ ಫೋನ್ ಟಿಣ್ ಟಿಣ್ ಅನ್ನೋದು ನಿಲ್ಲಲಿಲ್ಲ ನೋಡು. ಕಾಕಾ 17 ವರ್ಷ ಮಿಲಿಟ್ರಿಯೊಳಗ ದುಡದಾನ, ಮಗಳ ಆಟ ನೋಡ್ರಿ ಅಂತ ಒಬ್ಬರು, ದೇಶದ್ರೋಹಿ ಅಂತ ಇನ್ನೊಬ್ಬರು (ಅಂವ ದೇಶಕ್ಕ ಏನ ಮಾಡ್ಯಾನ ಅಂತ ನಾ ಕೇಳಬೇಕಂದಿದ್ದೆ, ಬಿಟ್ಟೆ). ನಾ ಒಂದ ಅಕ್ಷರ ಬರೀಲಿಲ್ಲಂತ ನೀ ಅದನ್ನ ಸಿಟ್ಟು ಅಂತ ತಿಳಕೊಂಡಿ. ಸಿಟ್ಟಲ್ಲವಾ. ಆ ಸಣ್ಣ ಫೋನಿನಾಗ ಇಷ್ಟೆಲ್ಲಾ ಒತ್ತಾಕ ನನಗ ಬರಂಗಿಲ್ಲ, ಅದಕ್ಕ ಇವತ್ತ ನಿನ್ನ ತಮ್ಮನ ಲ್ಯಾಪ್‌ಟಾಪ್ ಇಸ್ಕೊಂಡ ಕುಂತೇನಿ.

2001 ಡಿಸೆಂಬರ್ 13ಕ್ಕ ಪಾರ್ಲಿಮೆಂಟ್ ಮ್ಯಾಲೆ ದಾಳಿ ಆತಲ್ಲ, ಅದಾದ ಮ್ಯಾಲೆ ಬಾರ್ಡರಿಗೆ ಫೌಜ್ ಕಳಿಸಿದ್ರು, ಆಪರೇಷನ್ ಪರಾಕ್ರಮ ಅಂತ ಹೆಸರು, ನಮ್ಮ ಯೂನಿಟ್ ರಾಜಸ್ಥಾನದ ಉಸುಕಿನಾಗ ಹೋಗಿ ನಿಂತ್ತು. ಹತ್ತ ತಿಂಗಳ. ಇವತ್ತ ಹೊಂಡ್ತೀವಿ, ನಾಳೆ ಹೊಂಡ್ತೀವಿ ಅಂತ ನಿಂತಿದ್ದಷ್ಟ, 2002ರ ಅಕ್ಟೋಬರ್‌ದಾಗ ವಾಪಸ್ ಹೋಗ್ರಿ ಅಂದ್ರು. ಆದ್ರ ಹೋದ ಹೊಸದಾಗ ನಾವು ಬಾರ್ಡರ್ ಉದ್ದಕ್ಕೂ ಮೈನ್, ಅಂದ್ರ ಕಾಲಿಟ್ರ ಸಿಡಿಯೋ ನೆಲಬಾಂಬ್, ಹುಗದಿದ್ವಿ, ರೈತರ ಹೊಲದಾಗೂ ಹುಗದಿದ್ವಿ. ಮನಶ್ಯಾನ ಕಾಲಿಗೆ ಇಡೋ ಮೈನು ಬೂಟ್ ಪಾಲಿಶ್ ಡಬ್ಬಿಗಿಂತ ಒಂಚೂರು ದೊಡ್ಡದು ಅಷ್ಟ. ಹುಗಿಯೋದು ಸಸಾರ, ತಗಿಯೋದು ಹೇಳ್ತೇನಿ ಕೇಳು. ಹೊಟ್ಟಿ ಮ್ಯಾಲೆ ಮಲಗಬೇಕು, ಒಂದ ಕಬ್ಬಿಣದ ಸಳಿ ಹಿಡ್ಕೊಂಡ ನೆಲಕ್ಕ ವಾರಿಯಾಗಿ ಮೆಲ್ಲಕ ಚುಚ್ಚಬೇಕು, ನೆಟ್ಟಗ ಮ್ಯಾಲಿಂದ ಚುಚ್ಚಿದ್ರ ಮುಗೀತು, ಬಟ್ಟಿನಷ್ಟ ಚುಚ್ಚಿ ಬಟ್ಟಿನಷ್ಟ ಮುಂದ ಹೋಗಬೇಕು. ನಕಾಶಿದಾಗ ಇಲ್ಲೈತಿ ಅಂತಿರ್ತೈತಿ, ಗಾಳಿಗೆ ಉಸುಕು ಸರದು ಅದು ಅಲ್ಲಿರ್ತೈತಿ. ನಮ್ಮ ತಾಲ್ಲೂಕಿನಾಂವ ಒಬ್ಬ ಇದ್ದ, ನನ್ನ ಜೋಡಿನ ಭರ್ತಿ ಆದಾಂವ, ಕ್ಲಿಯರ್ ಆಗೇತಿ ಅಂದ ಜಾಗಾದಾಗ ಬಲಗಾಲ ಇಟ್ಟ. ಸಪ್ಪಳ ಸಿನಿಮಾದಾಗಿನಂಗ ಇರಂಗಿಲ್ಲ, ದೀಪಾವಳಿಗೆ ಹುಡುಗ್ರು ಡಬ್ಬಿ ಮುಚ್ಚಿ ಪಟಾಕಿ ಹೊಡೀತಾರಲ್ಲ ಅಷ್ಟ. ಯುದ್ಧ ಆಗಲೇ ಇಲ್ಲ ಅಂತ ಪೇಪರಿನಾಗ ಬಂತು.

ಅದಕ್ಕ ನೀ ಬೋರ್ಡ್ ಹಿಡದಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಬೋರ್ಡಿನ ಮ್ಯಾಲೆ ಬರದಿದ್ದು ಸಾಲದು ಅಂತೇನಿ. ಯುದ್ಧ ಬ್ಯಾಡ ಅಂದ್ರ ಯಾರು ಬೇಕಂತಾರ? ಎಲ್ಲಾರೂ ಹೂಂ ಅಂತಾರ, ಚಾ ಕುಡದು ಮನಿಗೆ ಹೋಗ್ತಾರ. ಒಂದು ವಸ್ತು ಹಿಡಿ, ಇದನ್ನ ನಿಲ್ಲಸ್ರಿ ಅನ್ನು, ಆವಾಗ ಎದುರಿನಾಂವ ಹೌದು ಇಲ್ಲ ಏನಾರ ಒಂದು ಹೇಳಬೇಕಾಗ್ತೈತಿ.

ಮೈನಿಂದ ನೋಡು. 1992ರಾಗ ಆರು ಸಂಸ್ಥೆಗಳು ಕೂಡಿ ಮನಶ್ಯಾರಿಗೆ ಇಡೋ ಮೈನು ಬಂದ್ ಆಗ್ಬೇಕು ಅಂತ ಸುರು ಮಾಡಿದ್ರು, ಜೋಡಿ ವಿಲಿಯಮ್ಸ್ ಅಂತ ಒಬ್ಬಾಕಿ ಎಲ್ಲಾ ಕಡೆ ಸಂಪರ್ಕ ಇಟ್ಕೊಂಡ ಓಡಾಡಿದ್ಳು. ಐದ ವರ್ಷಕ್ಕ, 1997ರ ಡಿಸೆಂಬರ್‌ದಾಗ, ಕೆನಡಾದ ಒಟ್ಟಾವಾದಾಗ 122 ದೇಶ ಸಹಿ ಮಾಡಿದ್ವು, ಆ ವರ್ಷದ ಶಾಂತಿ ನೊಬೆಲ್ ಆಕಿಗೂ ಆ ಸಂಘಟನೆಗೂ ಬಂತು. ಆ ಬಹುಮಾನ ಇಸ್ಕೊಳ್ಳಾಕ ಸಂಘಟನೆ ಕಡಿಂದ ಹೋದಾಂವ ಯಾರು ಗೊತ್ತೇನು? ಟುನ್ ಚನ್ನರೇತ್ ಅಂತ ಕಾಂಬೋಡಿಯಾದಾಂವ, ಮೈನಿನಾಗ ಎರಡೂ ಕಾಲು ಹೋದಾಂವ, ಗಾಲಿ ಕುರ್ಚಿ ಮ್ಯಾಲೆ. ಪ್ಯಾರಿಸ್‌ದಾಗ 1995ರಾಗ ಆ ಸಂಘಟನೆಯಾವರು ಭಾಷಣಕ್ಕಿಂತ ಜೋರ ಮಾಡಿದ್ದೇನಂದ್ರ ಜನರ ಕಡೆ ಹಳೆ ಬೂಟು ಚಪ್ಪಲಿ ತರಿಸಿ ಬೀದ್ಯಾಗ ಗುಡ್ಡಾ ಒಟ್ಟಿದ್ರು.

ಇನ್ನೊಂದು ಮಾತು, ಇದನ್ನ ನಿಮ್ಮ ದೋಸ್ತರಿಗೂ ಹೇಳು. 1996ರಾಗ ಅಮೆರಿಕಾದ ರಿಟೈರ್ಡ್ ಜನರಲ್‌ಗಳು, ಗಲ್ಫ್ ಯುದ್ಧ ನಡಿಸಿದ ಶ್ವಾರ್ಜ್‌ಕಾಫ್ ಸೈತ, ಈ ಮೈನು ಬಂದ್ ಮಾಡ್ರಿ ಅಂತ ತಮ್ಮ ಅಧ್ಯಕ್ಷಗ ಬಹಿರಂಗ ಪತ್ರ ಬರದ್ರು. ಬಂದೂಕು ಹಿಡದಾವರನ್ನ ನೀವು ಆ ಕಡೆ ನಿಲ್ಲಸಬ್ಯಾಡ್ರಿ. ಸರ್ಕಲ್‌ನಾಗ ನಿಮ್ಮ ಹುಡುಗ ಒಬ್ಬ ಮೈಕಿನಾಗ ಸೈನಿಕರು ಕೊಲೆಗಡುಕರು ಅಂದನಂತ, ಅದು ನಿಮ್ಮಪ್ಪಗ ಹತ್ತಿದ್ದು, ನನಗೂ ಹತ್ತಿತು. ನಮ್ಮ ಕಡೆ ಮನಿಗೊಬ್ಬ ಅಲ್ಲದಿದ್ರೂ ಓಣಿಗೊಬ್ಬ ಫೌಜಿ ಅದಾನ, ಹೊಟ್ಟಿಗೆ ಅಂತ ಹೋದಾವರ ಭಾಳ. ನಾನೂ ಸೆಂಟ್ರಿ ನಿಂತ ರಾತ್ರಿ ಮುಂದ ಮೈನ್ ಅದಾವ ಅಂದ್ರ ಧೈರ್ಯ ಅನಸ್ತಿತ್ತು, ಸುಳ್ಳ ಯಾಕ ಹೇಳ್ಲಿ. ಆ ಧೈರ್ಯದ ಮಾತು ಪೂರ್ತಿ ಕೇಳಿಸ್ಕೊಂಡ ಮ್ಯಾಲೆ ನಿನ್ನ ಮಾತು ಹೇಳು. ನಮ್ಮ ದೇಶ ಆ ಒಪ್ಪಂದಕ್ಕ ಇನ್ನೂ ಸಹಿ ಮಾಡಿಲ್ಲ, ಪಾಕಿಸ್ತಾನ ಚೀನಾ ಅಮೆರಿಕಾ ರಷ್ಯಾನೂ ಮಾಡಿಲ್ಲ, ರಷ್ಯಾದ ಅಂಜಿಕಿಗೆ 2025ರಾಗ ಯುರೋಪಿನ ಐದು ದೇಶ ಸಹಿ ಮಾಡಿದ್ದನ್ನ ಬಿಟ್ಟು ಹೊರಗ ಬರ್ತೀವಿ ಅಂದ್ವು. ಅಂಜಿಕಿ ಇದ್ದಲ್ಲಿ ಬರೇ ಘೋಷಣೆ ನಡಿಯಂಗಿಲ್ಲ.

ಜಗಳ ಬಿಡಿಸೋದು ಅಂದ್ರ ಏನಂತ ಕೇಳಿದ್ಯಲ್ಲ, ನಮ್ಮ ಕೆರಿ ಹೊಲದ ಅಣ್ಣ ತಮ್ಮರ ಬದುವಿನ ಜಗಳ ನಿನಗ ಗೊತ್ತೈತಿ, ಎರಡ ಗುಂಟೆ ಜಾಗಾಕ್ಕ ಒಂಬತ್ತು ವರ್ಷ ಕೋರ್ಟು, ಎರಡ ಸಲ ಕುಡಗೋಲು. ನಾ ಇಬ್ಬರನ್ನೂ ಒಂದ ಕಡೆ ಕುಂದ್ರಸಲಿಲ್ಲ. ಅಣ್ಣನ ಮನ್ಯಾಗ ಚಾ, ತಮ್ಮನ ಮನ್ಯಾಗ ಚಾ, ನಿಮ್ಮ ಕಾಕಿ ನಿನಗ ಶುಗರ್ ಐತಿ ಅಂತ ಬೈತಿದ್ಳು. ಮೂರ ತಿಂಗಳ ತಿರುಗಾಡಿದ ಮ್ಯಾಲೆ ತಿಳೀತು, ಜಗಳ ಬದುವಿಂದ ಅಲ್ಲ, ಅಣ್ಣ ತನ್ನ ಮಗಳ ಮದುವಿ ಕಾರ್ಡಿನಾಗ ತಮ್ಮನ ಹೆಸರ ಹಾಕಿಸಿರಲಿಲ್ಲ. ಕಡೀಕ ಸರ್ವೇದಾವರನ್ನ ಕರಸಿ ಅಳಿಸಿ, ಬದುವಿನ ಬೇವಿನ ಗಿಡ ಇಬ್ಬರದೂ ಅಂತ ಬರದು, ತಾಲ್ಲೂಕಿನ ಲೋಕ ಅದಾಲತ್‌ನಾಗ ರಾಜಿ ಮಾಡಿಸಿದ್ವಿ. ಅಲ್ಲಿ ಆದ ರಾಜಿ ಮ್ಯಾಲೆ ಅಪೀಲ್ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರ್ತೈತಿ, ಅದು ಗೊತ್ತಾದ ಕೂಡಲೆ ಅಣ್ಣ ಲಗೂನ ಸಹಿ ಮಾಡಿದ. ಆ ಮುಂದಿನ ಮದುವಿ ಕಾರ್ಡಿನಾಗ ತಮ್ಮನ ಹೆಸರ ಮ್ಯಾಲಿನ ಸಾಲಿನಾಗ ಇತ್ತು.

ದೇಶದ ಜಗಳ ಇಷ್ಟ ಸಣ್ಣದಲ್ಲ ಅಂತಿ. ಹೌದು. ಮಹಾರಾಷ್ಟ್ರದ ಜೋಡಿ ನಮ್ಮ ಗಡಿ ಜಗಳಾನ 1967ರ ಮಹಾಜನ ವರದಿಗೂ ಮುಗೀಲಿಲ್ಲ, 2004ರಿಂದ ಸುಪ್ರೀಂ ಕೋರ್ಟಿನಾಗ ಐತಿ, ನಡಕ ನಡಕ ಬಸ್ಸಿಗೆ ಮಸಿ ಬಳೀತಾರ, ಕೊಲ್ಲಾಪುರ ಬಸ್ ನಿಂತ್ರ ದವಾಖಾನಿಗೆ ಹೊಂಟ ಮುದುಕ್ಯಾರು ನಿಪ್ಪಾಣಿಯೊಳಗ ಇಳೀತಾರ. ಆದ್ರೂ ಕೋರ್ಟಿನಾಗ ಐತಲ್ಲ, ತಡಾ ಆದ್ರ ಆಗವಲ್ದ್ಯಾಕ.

ನಿನ್ನ ಹಾಸ್ಟೆಲಿನಿಂದ ಟಿಳಕವಾಡಿಗೆ ಹೋಗಿ ಕಾಂಗ್ರೆಸ್ ಬಾವಿ ನೋಡಿ ಬಾ. 1924ರ ಡಿಸೆಂಬರ್‌ದಾಗ ಅಲ್ಲಿ ಕಾಂಗ್ರೆಸ್ ಅಧಿವೇಶನ ಆತು, ಗಾಂಧಿ ಅಧ್ಯಕ್ಷ ಆಗಿದ್ದು ಅದೊಂದಕ್ಕ, ಇಷ್ಟು ಎಲ್ಲಾರಿಗೂ ಗೊತ್ತು. ನನಗ ಸೇರೋದು ಬ್ಯಾರೆ. ಆವಾಗ ಅವರೊಳಗ ಎರಡು ಹೋಳಾಗಿತ್ತು, ಚಿತ್ತರಂಜನ ದಾಸ್, ಮೋತಿಲಾಲ್ ನೆಹರು ಕೌನ್ಸಿಲ್ (ಬ್ರಿಟಿಷರ ಕಾಲದ ಶಾಸನ ಸಭೆ) ಒಳಗ ಹೋಗ್ತೀವಿ ಅಂತಿದ್ರು, ಗಾಂಧಿಗೆ ಅದು ಮನಸ್ಸಿಗೆ ಬರ್ತಿರಲಿಲ್ಲ. ಆದ್ರೂ ಹೋಗ್ರಿ ಅಂದ. ಇವರು ಅದಕ್ಕ ಬದಲಿ ಸದಸ್ಯ ಆಗಬೇಕಂದ್ರ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅನ್ನೋ ಅವನ ಮಾತು ಒಪ್ಪಿದ್ರು. ಬ್ರಿಟಿಷರ ಜೋಡಿ ಮಾತಾಡೋಕ್ಕಿಂತ ಮನಿಯಾವರ ಜೋಡಿ ಮಾತಾಡೋದು ಅವಗೂ ಹೆಚ್ಚ ತ್ರಾಸ ಆಗಿರಬೇಕು ಅನಸ್ತೈತಿ ನನಗ.

ಅದಕ್ಕ ಗ್ರೂಪಿನಾಗ ರಾತ್ರಿ ಉತ್ತರಾ ಕೊಡಬ್ಯಾಡ. ಬೈದಾವರ ಪೈಕಿ ಇಬ್ಬರು ಹಗಲೊತ್ತು ಫೋನ್ ಮಾಡಿದ್ರ ಚೊಲೋ ಮಾತಾಡೋ ಮಂದಿ, ಯಾರ್ಯಾರು ಅಂತ ನಿನಗ ಆಮ್ಯಾಲೆ ಹೇಳ್ತೇನಿ.

ಮೊದಲ ಭಾನುವಾರ ಊರಿಗೆ ಬಾ. ಆ ನನ್ನ ದೋಸ್ತನ ಮನಿಗೆ ಕರ್ಕೊಂಡ ಹೋಗ್ತೇನಿ, ನಿನ್ನೆ ಫೋನ್ ಮಾಡೇನಿ, ಬರಲಿ ಅಂದಾನ. ಅವಗ ಸರ್ಕಾರ ಕೃತಕ ಕಾಲು ಕೊಟ್ಟೈತಿ, ಮದುವಿ ಮುಂಜಿಗೆ ಹಾಕ್ಕೊಂಡ ಬರ್ತಾನ, ಹೊಲಕ್ಕ ಹೋಗುವಾಗ ಹಾಕ್ಕೊಳ್ಳಂಗಿಲ್ಲ, ನಮ್ಮ ಎರಿ ಮಣ್ಣಾಗ ಸಿಕ್ಕೋತೈತಿ. ಹಿಂಗಾಗಿ ಎಡಗಾಲಿಂದ ಚಪ್ಪಲಿ ಅಷ್ಟ ಸವೀತೈತಿ. ಬಲಗಾಲಿನವು ಹೊಸಾವ ಉಳಕೊಂಡ ಒಂದು ಗೊಬ್ಬರ ಚೀಲ ತುಂಬ್ಯಾವ, ಅವನ ಹೆಣ್ತಿ ಅಟ್ಟದ ಮ್ಯಾಲೆ ಇಟ್ಟಾಳ, ಚೆಲ್ಲಾಕ ಮನಸ್ಸ ಬರವಲ್ದು ಅಂತಾಳ. ನಿಮಗ ಬೇಕಾದ್ರ ಕೇಳಿ ನೋಡು, ಕೊಟ್ರೂ ಕೊಡಬಹುದು. ನೀನ ಕೇಳಬೇಕು, ನಾ ಕೇಳಂಗಿಲ್ಲ.

ಹತ್ತರ ಬಸ್ಸಿಗೆ ಬಾ, ಬೈಲಹೊಂಗಲ ಸ್ಟ್ಯಾಂಡಿನಾಗ ಗಾಡಿ ತಗೊಂಡ ನಿಂತಿರ್ತೇನಿ. ನಿಮ್ಮಪ್ಪಗ ನಾ ಹೇಳ್ತೇನಿ, ನೀ ಏನೂ ಹೇಳಾಕ ಹೋಗಬ್ಯಾಡ.

ನಿಮ್ಮ ಕಾಕಾ