ತರಬೇತಿ ಮೂರು ದಿನದ್ದು, ಜೊತೆಗಾರರು ಬೇಕಿರುವುದು ಆಮೇಲೆ

ಸಂಪಾದಕರಿಗೆ,

ಮಾನ್ಯರೇ,

ಮಾನಸಿಕ ಆರೋಗ್ಯದ ಬಗ್ಗೆ ನಿಮ್ಮಲ್ಲಿ ಲೇಖನ ಬಂದಾಗಲೆಲ್ಲ ನಾನು ಮೊದಲು ಓದುವುದು ಅದರ ಕೊನೆಯ ಸಾಲನ್ನು. ‘ತೊಂದರೆ ಹೆಚ್ಚಾದರೆ ಸಮೀಪದ ತಜ್ಞರನ್ನು ಕಾಣಿ’ ಎಂದು ಅಲ್ಲಿರುತ್ತದೆ. ಆ ಸಮೀಪದ ತಜ್ಞೆ ನಾನೇ. ಸಿಬಿಟಿ ಕೊಡುವವರು ಸುತ್ತ ಬೇರೆ ಯಾರೂ ಇಲ್ಲದ ಕಡೆ 16 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆ ಸಾಲನ್ನು ನಂಬಿ ಬರುವವರಿಗೆ ನಿಜವಾಗಿ ಏನು ಸಿಗುತ್ತದೆ, ಏನು ಸಿಗಬೇಕು ಎಂದು ಹೇಳುವ ಹೊಣೆ ನನ್ನ ಮೇಲಿದೆ ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಆಲೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂಬುದನ್ನು ರೋಗಿಯೂ ಚಿಕಿತ್ಸಕರೂ ಜೊತೆಯಲ್ಲಿ ಕೂತು ನೋಡಿ, ಒಂದೊಂದಾಗಿ ಬದಲಿಸಿ ಪರೀಕ್ಷಿಸುವ ಕ್ರಮ. ಖಿನ್ನತೆಯಲ್ಲಿದ್ದವರ ಮನಸ್ಸಿನಲ್ಲಿ ತಮ್ಮಷ್ಟಕ್ಕೆ ತಾವೇ ಮಿಂಚಿಹೋಗುವ ಕಹಿ ಯೋಚನೆಗಳನ್ನು 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ಗಮನಿಸಿದರು. ಈ ಚಿಕಿತ್ಸೆಯ ಒಂದು ಮುಖ್ಯ ಬೇರು ಅಲ್ಲಿದೆ. ಸಾಮಾನ್ಯವಾಗಿ 6ರಿಂದ 20 ಸೆಷನ್. ಪ್ರತಿ ಸಲ ಇವತ್ತು ಏನು ಮಾಡೋಣ ಎಂಬ ಪಟ್ಟಿ, ಮನೆಗೆ ಹೋಗಿ ಮಾಡುವ ಅಭ್ಯಾಸ, ಎಷ್ಟು ಸುಧಾರಿಸಿತು ಎಂಬ ಲೆಕ್ಕ. ಹೇಳಲು ಇಷ್ಟೇ. ಮಾಡಲು ಕೂತಾಗ ಎಲ್ಲಿ ತಪ್ಪುತ್ತದೆ ಎಂಬುದು ಮಾಡುವವರಿಗೇ ಕಾಣುವುದಿಲ್ಲ.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮೂರು ದಿನದ ಕಾರ್ಯಾಗಾರ ಮುಗಿಸಿ, ಪ್ರಮಾಣಪತ್ರ ಹಿಡಿದು ಬಂದ ವರ್ಷ ಗೀಳು ಕಾಯಿಲೆಯ ಯುವಕನೊಬ್ಬ ನನ್ನಲ್ಲಿಗೆ ಬಂದ. (ಅವನ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬೈಕ್ ಓಡಿಸುವಾಗ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದರೂ ಸಾಕು, ಯಾರಿಗಾದರೂ ಗುದ್ದಿಬಿಟ್ಟೆನೇ ಎಂಬ ಭಯ. ತಿರುಗಿ ಹೋಗಿ ರಸ್ತೆ ನೋಡುತ್ತಿದ್ದ. ಮತ್ತೆ ಹೊರಟು ಮತ್ತೆ ತಿರುಗುತ್ತಿದ್ದ. ಇಪ್ಪತ್ತು ನಿಮಿಷದ ದಾರಿಗೆ ಎರಡು ಗಂಟೆ. ನನ್ನ ಎದುರು ಕೂತರೂ ಅದೇ ಪ್ರಶ್ನೆ: ‘ಏನೂ ಆಗಿರಲ್ಲ ಅಲ್ವಾ ಮೇಡಂ?’ ನಾನು ಪ್ರತಿ ಸಲ, ‘ಏನೂ ಆಗಿಲ್ಲಪ್ಪ, ಆಗಿದ್ದರೆ ಗೊತ್ತಾಗ್ತಿತ್ತು’ ಎನ್ನುತ್ತಿದ್ದೆ. ಅವನ ಮುಖ ಸಡಿಲವಾಗುತ್ತಿತ್ತು. ನನಗೂ ಸಮಾಧಾನ. ಐದು ತಿಂಗಳು ಹೀಗೆ ನಡೆಯಿತು. ಅವನು ವಾಸಿಯಾಗಲಿಲ್ಲ.

ನನಗೆ ಹಳೆಯ ಪರಿಚಯದ, ದೂರದಲ್ಲಿ ಕೆಲಸ ಮಾಡುವ ಇನ್ನೊಬ್ಬ ಚಿಕಿತ್ಸಕಿಗೂ ಆ ಹೊತ್ತಿಗೆ ಇಂಥದ್ದೇ ಒಂಟಿತನ ಕಾಡುತ್ತಿತ್ತು. ಇಬ್ಬರೂ ಸೇರಿ ಫೋನ್ ಮಾಡಿ ಮಾಡಿ ನಾಲ್ಕು ಜಿಲ್ಲೆಗಳಿಂದ ಆರು ಜನರ ಗುಂಪು ಕಟ್ಟಿದೆವು. ಇಬ್ಬರು ಮನಶ್ಶಾಸ್ತ್ರಜ್ಞೆಯರು, ಒಬ್ಬ ಮನೋವೈದ್ಯರು, ಒಬ್ಬ ಸೈಕಿಯಾಟ್ರಿಕ್ ನರ್ಸ್, ಒಬ್ಬ ಸಮಾಜ ಕಾರ್ಯಕರ್ತ, ಒಬ್ಬ ಕಾಲೇಜು ಆಪ್ತ ಸಮಾಲೋಚಕಿ. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ವಿಡಿಯೊ ಕರೆಯಲ್ಲಿ ಎರಡು ಗಂಟೆ. ಪ್ರತಿ ಸಲ ಒಬ್ಬರು ತಮ್ಮ ಒಂದು ಸೆಷನ್‌ನ ಧ್ವನಿಮುದ್ರಿಕೆ ಕೇಳಿಸಬೇಕು. ರೋಗಿಯ ಲಿಖಿತ ಒಪ್ಪಿಗೆ ಇರಬೇಕು, ಹೆಸರು ಎಲ್ಲೂ ಬರಬಾರದು, ಚರ್ಚೆ ಮುಗಿದ ಕೂಡಲೇ ಅಳಿಸಬೇಕು.

ಎರಡನೇ ಗುರುವಾರ ನನ್ನ ಸರದಿ. ಬೈಕ್ ಹುಡುಗನ ಸೆಷನ್ ಕೇಳಿಸಿದೆ. ಹದಿನೆಂಟನೇ ನಿಮಿಷಕ್ಕೆ ನರ್ಸ್ ಸಹೋದ್ಯೋಗಿ, ‘ಒಂದ್ನಿಮಿಷ ನಿಲ್ಲಿಸಿ ಮೇಡಂ. ಅವರು ಎಷ್ಟು ಸಲ ಕೇಳಿದರು, ನೀವು ಎಷ್ಟು ಸಲ ಹೇಳಿದಿರಿ, ಎಣಿಸಿದ್ರಾ?’ ಎಂದರು. ಹಿಂದಕ್ಕೆ ಹೋಗಿ ಎಣಿಸಿದೆವು. ಏಳು ಸಲ. ಅವನು ರಸ್ತೆಗೆ ತಿರುಗಿ ಹೋಗಿ ನೋಡುವುದೂ ನನ್ನನ್ನು ಕೇಳುವುದೂ ಒಂದೇ ಕೆಲಸ. ಐದು ತಿಂಗಳಿಂದ ನಾನು ಅವನ ಕಾಯಿಲೆಯ ಒಂದು ಭಾಗವಾಗಿ ಕೂತಿದ್ದೆ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಭಯ ಹುಟ್ಟಿಸುವ ಸನ್ನಿವೇಶಕ್ಕೆ ಎದುರಾಗಿ ನಿಂತು, ಆ ಭಯ ತಗ್ಗಿಸಲು ಮತ್ತೆ ಮತ್ತೆ ಮಾಡುವ ಕೆಲಸವನ್ನು ತಡೆಯಬೇಕು ಎಂದು ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿಕೊಟ್ಟದ್ದು 1966ರಲ್ಲಿ. ಆದರೂ ಎದುರಿಗಿರುವ ಮುಖ ಸಂಕಟದಲ್ಲಿದ್ದಾಗ ಬಾಯಿ ತಾನಾಗಿ ‘ಏನೂ ಆಗಿಲ್ಲಪ್ಪ’ ಎನ್ನುತ್ತದೆ. ಹೊರಗಿನ ಕಿವಿಯೊಂದು ಇಲ್ಲದೆ ಅದು ಹಿಡಿತಕ್ಕೆ ಸಿಗುವುದಿಲ್ಲ.

ಮುಂದಿನ ವಾರ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಕ್ಷಮೆ ಕೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಇನ್ಮೇಲೆ ಕೇಳಿದ್ರೆ ಉತ್ತರ ಕೊಡಬೇಡಿ’ ಎಂದ. ಚಿಕಿತ್ಸೆ ಅಂದು ಶುರುವಾಯಿತು. ಮೊದಲು ಗುಂಡಿಯೇ ಇಲ್ಲದ ರಸ್ತೆ, ಆಮೇಲೆ ಗುಂಡಿ ಇರುವ ರಸ್ತೆ, ಆಮೇಲೆ ಶಾಲೆ ಬಿಡುವ ಹೊತ್ತಿನ ರಸ್ತೆ. ಹದಿನಾಲ್ಕು ಸೆಷನ್ ಕಳೆಯುವಷ್ಟರಲ್ಲಿ ತಿರುಗಿ ನೋಡದೆ ಕೆಲಸಕ್ಕೆ ಹೋಗಿಬರುತ್ತಿದ್ದ.

ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಸಿಬಿಟಿ ಹೆಚ್ಚು ಜನಕ್ಕೆ ತಲುಪಬೇಕು ಎಂದಾಗ ಎಲ್ಲರೂ ಎಣಿಸುವುದು ಎಷ್ಟು ಕಾರ್ಯಾಗಾರ ನಡೆಯಿತು, ಎಷ್ಟು ಜನ ಬಂದರು ಎಂಬುದನ್ನು. ನಾನು ಕೇಳುವುದು ಬೇರೆ ಲೆಕ್ಕ: ಕಾರ್ಯಾಗಾರದಿಂದ ಹಿಂತಿರುಗಿದವರಲ್ಲಿ ಎಷ್ಟು ಜನರ ಕೆಲಸವನ್ನು ಬೇರೊಬ್ಬರು ಕೇಳಿ, ತಿದ್ದುತ್ತಿದ್ದಾರೆ? ನಮ್ಮ ವೃತ್ತಿಯಲ್ಲಿ ಇದಕ್ಕೆ ಸೂಪರ್‌ವಿಷನ್ ಎನ್ನುತ್ತೇವೆ. ಅಧಿಕಾರಿಯ ತಪಾಸಣೆಗೂ ಇದಕ್ಕೂ ಸಂಬಂಧವಿಲ್ಲ. ಹಾಡು ಕಲಿಯುವವರು ಗುರುವಿನ ಎದುರು ಹಾಡಿ ತೋರಿಸುವ ಹಾಗೆ. ದೊಡ್ಡ ನಗರಗಳಲ್ಲಿ ಒಂದೇ ಕಟ್ಟಡದೊಳಗೆ ಇದು ಸಿಗಬಹುದು. ಚದುರಿಹೋಗಿರುವ ನಮ್ಮಂಥವರಿಗೆ ಅಕ್ಕಪಕ್ಕದ ಪ್ರದೇಶದವರು ಕೈ ಜೋಡಿಸಿದರೆ ಮಾತ್ರ ಸಿಗುತ್ತದೆ.

ಒಳ್ಳೆಯ ಪರಿಣಾಮ ಕಂಡ ಹಲವು ಕಡೆಗಳಲ್ಲಿ ಈ ಸೂಪರ್‌ವಿಷನ್ ಇತ್ತು. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಖಿನ್ನತೆಯಲ್ಲಿದ್ದ ಗರ್ಭಿಣಿಯರಿಗೆ ಸಿಬಿಟಿಯ ವಿಧಾನಗಳಲ್ಲಿ ನೆರವಾದವರು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು. ಹೆರಿಗೆಯಾಗಿ ಆರು ತಿಂಗಳಿಗೆ ಆ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಉಳಿದಿತ್ತು. ಅಷ್ಟೇ ಸಲ ಭೇಟಿ ಪಡೆದರೂ ಈ ವಿಧಾನ ಸಿಗದಿದ್ದ ಇನ್ನೊಂದು ಗುಂಪಿನಲ್ಲಿ ಅದು ಶೇ 53. ಬರೀ ಯಾರೋ ಬಂದು ಮಾತಾಡಿಸಿದ್ದರಿಂದ ಆದದ್ದಲ್ಲ ಎಂಬುದು ಇದರಿಂದ ಸ್ಪಷ್ಟ. ಆ ಕಾರ್ಯಕರ್ತೆಯರ ತರಬೇತಿ ಕೆಲವೇ ದಿನಗಳದ್ದು. ಆದರೆ ತಿಂಗಳು ತಿಂಗಳೂ ಅವರನ್ನು ಕೂರಿಸಿಕೊಂಡು ಕಷ್ಟ ಕೇಳಿ ತಿದ್ದುತ್ತಿದ್ದರು. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಕೀಯ ಹಿನ್ನೆಲೆ ಇಲ್ಲದ ಸಮಾಲೋಚಕರಿಂದಲೇ 6ರಿಂದ 8 ಸೆಷನ್‌ಗಳ ಚಿಕಿತ್ಸೆ ಕೊಡಿಸಿ ತೀವ್ರ ಖಿನ್ನತೆಯನ್ನೂ ಇಳಿಸಿತು. ಅದರ ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಮಾಲೋಚಕರು ಒಬ್ಬರ ಧ್ವನಿಮುದ್ರಿಕೆಯನ್ನು ಇನ್ನೊಬ್ಬರು ಕೇಳಿ ಅಂಕ ಹಾಕುತ್ತಿದ್ದ ಕ್ರಮ. ಇಂಗ್ಲೆಂಡ್ 2008ರಲ್ಲಿ ಸಾವಿರಾರು ಹೊಸ ಚಿಕಿತ್ಸಕರನ್ನು ತಯಾರು ಮಾಡಲು ಹೊರಟಾಗಲೂ ವಾರವಾರದ ಸೂಪರ್‌ವಿಷನ್ ಆ ಯೋಜನೆಯೊಳಗೇ ಇತ್ತು.

ಗುಂಪು ಕಟ್ಟಿದರೆ ಸಾಕೇ ಎಂದರೆ, ಸಾಲದು. ನಮ್ಮಲ್ಲಿ ಮೊದಲ ನಾಲ್ಕು ತಿಂಗಳು ಎಲ್ಲರೂ ಎಲ್ಲರಿಗೂ ‘ತುಂಬಾ ಚೆನ್ನಾಗಿತ್ತು’ ಎನ್ನುತ್ತಿದ್ದೆವು. ಚಿಕಿತ್ಸಕರು ಸಿಬಿಟಿಯನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ಅಳೆಯಲು ಬೆಕ್ ಮತ್ತು ಮನಶ್ಶಾಸ್ತ್ರಜ್ಞ ಜೆಫ್ರಿ ಯಂಗ್ ರೂಪಿಸಿದ ಅಳತೆಪಟ್ಟಿಯೊಂದಿದೆ. ಅದರಲ್ಲಿ 11 ಅಂಶ, ಒಂದೊಂದಕ್ಕೆ 0ಯಿಂದ 6. ಎಲ್ಲರಿಗೂ 5, ಎಲ್ಲದಕ್ಕೂ 5 ಬೀಳುತ್ತಿತ್ತು. ಮುಖ ಮುರಿಯಲು ಯಾರಿಗೂ ಮನಸ್ಸಿಲ್ಲ. ಕೊನೆಗೆ, ಮಾತು ಶುರುವಾಗುವ ಮೊದಲೇ ಅಂಕಗಳನ್ನು ಪ್ರತ್ಯೇಕವಾಗಿ ಬರೆದು ಕಳಿಸಬೇಕು, ಹೆಚ್ಚು ಅನುಭವವಿರುವ ಹಿರಿಯರೊಬ್ಬರು ತಿಂಗಳಿಗೊಮ್ಮೆ ಅದೇ ಮುದ್ರಿಕೆಗೆ ತಮ್ಮ ಅಂಕ ಹಾಕಬೇಕು ಎಂದು ಮಾಡಿಕೊಂಡೆವು. ಆಗ ನನಗೆ ‘ಹೋಂವರ್ಕ್’ ಅಂಶಕ್ಕೆ 2 ಬಂತು. ಆ ಎರಡಕ್ಕೆ ನಾನು ಇವತ್ತಿಗೂ ಋಣಿ.

ಭಾಷೆಯ ವಿಷಯ ಇನ್ನೂ ಮುಖ್ಯ ಎಂದು ನನಗೆ ತೋರುತ್ತದೆ. ಸಿಬಿಟಿಯಲ್ಲಿ ರೋಗಿ ಬರೆದು ತುಂಬುವ ಹಾಳೆಯೊಂದಿದೆ, ಅದರಲ್ಲಿ ಯೋಚನೆ ಒಂದು ಕಾಲಂ, ಭಾವನೆ ಇನ್ನೊಂದು ಕಾಲಂ. ಆದರೆ ಕನ್ನಡದಲ್ಲಿ ನಾವು ಎರಡಕ್ಕೂ ‘ಅನ್ನಿಸಿತು’ ಎನ್ನುತ್ತೇವೆ. ಬೇಜಾರು ಅನ್ನಿಸಿತು, ನಾನು ಯಾವುದಕ್ಕೂ ಬಾರದವಳು ಅನ್ನಿಸಿತು. ಮೊದಲನೆಯದು ಭಾವನೆ, ಎರಡನೆಯದು ಯೋಚನೆ. ಹಾಳೆ ಕೈಗೆ ಕೊಟ್ಟರೆ ಹತ್ತರಲ್ಲಿ ಎಂಟು ಜನ ಎರಡನ್ನೂ ಭಾವನೆಯ ಕಾಲಂಗೆ ಬರೆಯುತ್ತಿದ್ದರು, ನಾವು ಅವರಿಗೆ ತಿಳಿವಳಿಕೆ ಸಾಲದು ಎಂದುಕೊಳ್ಳುತ್ತಿದ್ದೆವು. ಆರು ಜನರೂ ಒಂದೇ ತೊಡಕನ್ನು ಹೇಳಿದಾಗಲೇ ತಪ್ಪು ಹಾಳೆಯದ್ದು ಎಂದು ಹೊಳೆದದ್ದು. ಈಗ ನಮ್ಮ ಹಾಳೆಯಲ್ಲಿ ‘ಆ ಹೊತ್ತಿಗೆ ಮನಸ್ಸು ಏನು ಹೇಳಿತು?’ ಎಂದೊಂದು ಕಾಲಂ, ‘ಆಗ ಏನಾಯಿತು: ಭಯವೇ, ಸಿಟ್ಟೇ, ನಾಚಿಕೆಯೇ, ದುಃಖವೇ?’ ಎಂದು ಇನ್ನೊಂದು. ಜೊತೆಗೆ ಒಂದು ಸುಲಭದ ಪರೀಕ್ಷೆ: ‘ಇದು ನಿಜವೇ?’ ಎಂದು ಕೇಳಲು ಬಂದರೆ ಅದು ಯೋಚನೆ. ಭಯವನ್ನು ನಿಜವೇ ಎಂದು ಕೇಳಲಾಗದು, ‘ನಾನು ಬಾರದವಳು’ ಎಂಬುದನ್ನು ಕೇಳಬಹುದು. ಇಂಥ ಹಾಳೆಗಳನ್ನು ಒಬ್ಬೊಬ್ಬರೂ ತಮ್ಮ ಕೋಣೆಯಲ್ಲಿ ಕೂತು ಬೇರೆ ಬೇರೆಯಾಗಿ ಅನುವಾದಿಸಿಕೊಳ್ಳುತ್ತಿರುವುದು ಎಷ್ಟು ದುಡಿಮೆಯ ಪೋಲು! ಒಂದು ಭಾಷೆ ಆಡುವವರೆಲ್ಲ ಸೇರಿ ಒಮ್ಮೆ ಚೆನ್ನಾಗಿ ಮಾಡಿ, ರೋಗಿಗಳ ಕೈಯಲ್ಲೇ ಬರೆಸಿ ನೋಡಿ, ಎಲ್ಲರಿಗೂ ಉಚಿತವಾಗಿ ಕೊಡಬಹುದು.

ವೈದ್ಯ ಮಿತ್ರರ ಆತಂಕವೊಂದಿದೆ: ಅರೆಬರೆ ಕಲಿತವರ ಕೈಗೆ ಚಿಕಿತ್ಸೆ ಹೋಗುತ್ತದೆ ಎಂದು. ಆತಂಕ ಸರಿಯಾದದ್ದೇ. ಆತ್ಮಹತ್ಯೆಯ ಯೋಚನೆ, ಭ್ರಮೆಗಳು, ಬೈಪೋಲಾರ್ ಕಾಯಿಲೆಯ ಉನ್ಮಾದ ಕಂಡುಬಂದರೆ ಮನೋವೈದ್ಯರ ಬಳಿ ಕಳಿಸಲೇಬೇಕು. ನಮ್ಮ ಗುಂಪಿನಲ್ಲಿ ಅದು ಮೊದಲ ದಿನವೇ ಬರೆದಿಟ್ಟ ನಿಯಮ. ಆದರೆ ಕೇಳಿ: ಒಂಟಿಯಾಗಿ ಕೂತ ಚಿಕಿತ್ಸಕಿಗಿಂತ, ಮನೋವೈದ್ಯರೊಬ್ಬರ ನಂಬರು ಕೈಯಲ್ಲಿರುವ, ಎರಡು ವಾರಕ್ಕೊಮ್ಮೆ ಅವರ ಎದುರು ತನ್ನ ಕೆಲಸ ತೆರೆದಿಡುವ ಚಿಕಿತ್ಸಕಿ ಹೆಚ್ಚು ಸುರಕ್ಷಿತವಲ್ಲವೇ? ಗುಂಪಿನ ಇನ್ನೊಂದು ಲಾಭವೂ ಇದೆ. ಮಕ್ಕಳ ಗೀಳು ಕಾಯಿಲೆ ನನಗೆ ಸರಿಯಾಗಿ ಬಾರದು. ಅಂಥ ಮಗು ಬಂದರೆ ಈಗ ನಾನು ಸುಮ್ಮನೆ ಕೈ ಹಚ್ಚುವುದಿಲ್ಲ. ಅದನ್ನು ಬಲ್ಲ ಸಹೋದ್ಯೋಗಿ ವಿಡಿಯೊದಲ್ಲಿ ನೋಡುತ್ತಾರೆ, ನಾನು ಮಗುವಿನ ಪಕ್ಕ ಕೂತಿರುತ್ತೇನೆ.

ಇದನ್ನೆಲ್ಲ ನಾವು ಕೆಲಸದ ಹೊತ್ತು ಮುಗಿದ ಮೇಲೆ, ಮನೆಯ ಕೆಲಸ ಬದಿಗಿಟ್ಟು ಮಾಡುತ್ತಿದ್ದೇವೆ. ಕಾಲೇಜು ಸಮಾಲೋಚಕಿಗೆ ಮಗು ಹುಟ್ಟಿದಾಗ ಅವರು ಒಂದು ವರ್ಷ ಬರಲಾಗಲಿಲ್ಲ. ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ನಿಂತ ವ್ಯವಸ್ಥೆ ಹೀಗೇ ಕುಂಟುತ್ತದೆ. ಆದ್ದರಿಂದ ಆಸ್ಪತ್ರೆಗಳನ್ನೂ ಕಾಲೇಜುಗಳನ್ನೂ ಆರೋಗ್ಯ ಇಲಾಖೆಗಳನ್ನೂ ನಡೆಸುವವರಲ್ಲಿ ನನ್ನ ಬೇಡಿಕೆ: ಸೂಪರ್‌ವಿಷನ್‌ನ ಎರಡು ಗಂಟೆಯನ್ನು ಕೆಲಸದ ವೇಳೆಯೊಳಗೆ ಸೇರಿಸಿ, ಅದನ್ನು ಕೊಡುವ ಹಿರಿಯರಿಗೆ ಸಂಭಾವನೆ ಕೊಡಿ. ವೃತ್ತಿ ಸಂಘಟನೆಗಳು ತಮ್ಮ ಸಮ್ಮೇಳನಗಳಲ್ಲಿ ಹೊಸ ಕಾರ್ಯಾಗಾರ ಸೇರಿಸುವ ಮೊದಲು, ಹಿಂದಿನ ಕಾರ್ಯಾಗಾರಕ್ಕೆ ಬಂದವರನ್ನು ಐದಾರು ಜನರ ಗುಂಪುಗಳಾಗಿ ಜೋಡಿಸಿ ಒಂದು ವರ್ಷ ಕೈ ಹಿಡಿದು ನಡೆಸಲಿ.

ನಿಮ್ಮಲ್ಲೂ ಒಂದು ಕೋರಿಕೆಯಿದೆ, ಸಂಪಾದಕರೇ. ‘ಸಮೀಪದ ತಜ್ಞರನ್ನು ಕಾಣಿ’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕಿ: ‘ನಿಮ್ಮ ಕೆಲಸವನ್ನು ಯಾರಾದರೂ ಕೇಳಿ ತಿದ್ದುತ್ತಾರೆಯೇ ಎಂದು ಅವರನ್ನು ವಿಚಾರಿಸಿ.’ ಕೇಳಿದರೆ ನಾವು ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಉತ್ತರ ಸಿದ್ಧವಿದೆ: ಹೌದು, ಬರುವ ಗುರುವಾರ ಮತ್ತೆ ನನ್ನ ಸರದಿ.

ಇತಿ,
ಒಬ್ಬ ಮನಶ್ಶಾಸ್ತ್ರಜ್ಞೆ