ಕಥೆಯ ಹಾದಿಗೆ ಸಿಮೆಂಟ್ ಗೊಂಬೆ ಬೇಡ

ಮಾನ್ಯರೇ,

ಮೇಲುಕೋಟೆಯಲ್ಲಿ ಸಿಮೆಂಟ್ ಗೊಂಬೆ, ಬಣ್ಣದ ದೀಪಗಳನ್ನಿಟ್ಟು ಪುರಾಣ ಕಥೆಗಳ ನಡಿಗೆ ಹಾದಿ ಮಾಡುವ ಯೋಚನೆ ಇದೆಯಂತೆ. ಅದಕ್ಕೆ ಹೊಸ ಗೊಂಬೆಗಳು ಬೇಕಿಲ್ಲ. ಒಂದೇ ರಾತ್ರಿಯಲ್ಲಿ ಎದ್ದಿತೆಂದು ಜನ ಹೇಳುವ ಅರೆಬರೆ ರಾಯಗೋಪುರ, ಅಕ್ಕ-ತಂಗಿ ಎಂಬ ಜೋಡಿ ಕೊಳ, ಸೀತೆಯ ಬಾಯಾರಿಕೆಗೆ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂಬ ಧನುಷ್ಕೋಟಿ ಆಗಲೇ ಇವೆ.

ಕೆಲಸ ಕೆಡುವುದು ಫಲಕದಲ್ಲಿ. ಕೊಳದ ಕಥೆಯನ್ನು ಬಸ್ ನಿಲ್ದಾಣದಲ್ಲಿ ನೆಟ್ಟರೆ ಯಾರೂ ಓದರು. ಎರಡೂ ಕೊಳ ಒಟ್ಟಿಗೆ ಕಾಣುವಲ್ಲಿ, ‘ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲವಂತೆ. ಏಕೆ?’ ಎಂದಷ್ಟೇ ಕೇಳಿ, ಕಥೆಯನ್ನು ಮುಂದಿನ ತಿರುವಿಗೆ ಉಳಿಸಬೇಕು. (ಈಗ ಎರಡನ್ನೂ ಕುಡಿಯಬೇಡಿ ಎಂದೂ ಬರೆಯಬೇಕು, ನಮ್ಮವರನ್ನು ನಂಬುವಂತಿಲ್ಲ!) ಫಲಕಕ್ಕೆ 40 ಪದ ಮೀರದಿರಲಿ, ಅರ್ಧ ಅಂಗುಲದ ಅಕ್ಷರ, ನೆಲದಿಂದ ಎರಡೂವರೆ ಅಡಿ ಎತ್ತರ, ಓರೆಯಾಗಿ. ಆಗ ಮಕ್ಕಳಿಗೂ ಎಟುಕುತ್ತದೆ, ನೋಟಕ್ಕೂ ಅಡ್ಡವಾಗದು. ಸ್ಟೀಲ್ ಹಾಳೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಅಕ್ಷರ ಕೊರೆದ ಕಲ್ಲು ವಾಸಿ. ಬಂಡೆಗೆ ಮೊಳೆ, ಬಣ್ಣ ಕೂಡದು.

ಹಾದಿ ನಾಲ್ಕಡಿ ಅಗಲವಿದ್ದರೆ ಸಾಕು. ಗುಡ್ಡಕ್ಕೆ ನೇರ ಏರಿಸಿದರೆ ಮೊದಲ ಮಳೆಗೇ ಅದು ಕೊರಕಲು, ಬಳಸಿ ಒಯ್ಯಬೇಕು. ಇಳಿಜಾರಿನಲ್ಲಿ ಸುಮಾರು 30 ಅಡಿಗೊಂದರಂತೆ ಹಾದಿಗೆ ಅಡ್ಡಲಾಗಿ, ತುಸು ಓರೆಯಾಗಿ ಕಲ್ಲು ಹೂತರೆ ನೀರು ಬದಿಗೆ ಸರಿಯುತ್ತದೆ. ಕಲ್ಲಿನ ಹೊರತುದಿ ತುಸು ತಗ್ಗಿರಲೇಬೇಕು, ಇಲ್ಲವಾದರೆ ಅಲ್ಲೇ ಕೆಸರು ನಿಲ್ಲುತ್ತದೆ.

ಸುತ್ತಲಿನದು ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ವನ್ಯಜೀವಿಧಾಮ. ಬಣ್ಣದ ದೀಪಗಳಿಗೆ ಟೆಂಡರ್ ಕರೆಯುವ ಮುನ್ನ ಅರಣ್ಯ ಇಲಾಖೆಯನ್ನು ಒಮ್ಮೆ ಕೇಳಲಿ.

– ಓದುಗರು, ಮಂಡ್ಯ